15 ವರ್ಷದ ಮಗನಿಗೆ ಲೈಸೆನ್ಸ್ ಬೇಡದ ಸ್ಕೂಟರ್ ಕೊಡಿಸಬಹುದಾ?

ಪ್ರಶ್ನೆ: ನನ್ನ ಮಗನಿಗೆ ಈಗ 15 ವರ್ಷ, ಎಸ್ಸೆಸ್ಸೆಲ್ಸಿ ಓದುತ್ತಿದ್ದಾನೆ. ತುಮಕೂರಿನಲ್ಲಿದ್ದೇವೆ. ಬೆಳಿಗ್ಗೆ ಆರಕ್ಕೆ ಟ್ಯೂಷನ್. ಮನೆಯಿಂದ ಮೂರೂವರೆ ಕಿಲೋಮೀಟರ್, ನಡುವೆ ಬಿ.ಎಚ್. ರಸ್ತೆ ದಾಟಬೇಕು. ಅವನ ಜೊತೆಯವರು ತುಂಬಾ ಜನ ಸ್ಕೂಟರ್‌ನಲ್ಲೇ ಬರುತ್ತಾರೆ. ನಮ್ಮ ಆಕ್ಟಿವಾವನ್ನು ಬಡಾವಣೆಯೊಳಗೆ ಚೆನ್ನಾಗಿಯೇ ಓಡಿಸುತ್ತಾನೆ, ಅಂಗಡಿಗೆ ಹೋಗಿ ಬರುತ್ತಾನೆ. ಲೈಸೆನ್ಸ್, ನಂಬರ್ ಪ್ಲೇಟ್ ಯಾವುದೂ ಬೇಡದ ಎಲೆಕ್ಟ್ರಿಕ್ ಸ್ಕೂಟರ್ ಕೊಡಿಸೋಣ ಅಂತಾರೆ ನಮ್ಮವರು. ‘ಇವತ್ತಲ್ಲ ನಾಳೆ ಕಲೀಲೇಬೇಕಲ್ಲ’ ಅನ್ನೋದು ಅವರ ಮಾತು. ನನಗೆ ಮಾತ್ರ ಧೈರ್ಯ ಬರುತ್ತಿಲ್ಲ. ನಾನು ಜಾಸ್ತಿ ಹೆದರುತ್ತಿದ್ದೇನಾ?
– ಹೆಸರು ಬೇಡ, ತುಮಕೂರು

ಉತ್ತರ: ಇಲ್ಲಮ್ಮ, ನೀವು ಜಾಸ್ತಿ ಹೆದರುತ್ತಿಲ್ಲ. ಸ್ಕೂಟರ್ ಕೊಡಿಸಬೇಡಿ. ಲೈಸೆನ್ಸ್ ಬೇಡದ್ದೂ ಬೇಡ, ಅದರಲ್ಲೂ ಈ ಟ್ಯೂಷನ್ ದಾರಿಗೆ ಬೇಡವೇ ಬೇಡ. ಆಕ್ಟಿವಾ ಕೀಯನ್ನೂ ಇವತ್ತಿನಿಂದಲೇ ಅವನ ಕೈಗೆ ಸಿಗದ ಕಡೆ ಇಡಿ. ಯಾಕೆ ಅಂತ ವಿವರವಾಗಿ ಹೇಳುತ್ತೇನೆ, ನಿಮ್ಮ ಯಜಮಾನರಿಗೂ ಓದಿಸಿ. ಅವರ ಮಾತಿನಲ್ಲೂ ನ್ಯಾಯ ಇದೆ. ಅದಕ್ಕೂ ಬರುತ್ತೇನೆ.

ನಾನು ಮೋಟಾರು ವಾಹನ ನಿರೀಕ್ಷಕನಾಗಿ ಕೆಲಸ ಮಾಡಿದವನು. ಜನ ನಮ್ಮನ್ನು ಕರೆಯೋದು ಬ್ರೇಕ್ ಇನ್‌ಸ್ಪೆಕ್ಟರ್ ಅಂತ. ಅಪಘಾತ ಆದ ಗಾಡಿಯನ್ನು ಠಾಣೆ ಅಂಗಳದಲ್ಲಿ ತಪಾಸಣೆ ಮಾಡಿ ವರದಿ ಕೊಡುವುದು ನಮ್ಮ ಕೆಲಸದಲ್ಲೊಂದು. ಹಾಗೆ ನೋಡಿದ ಒಂದು ಸ್ಕೂಟರ್ ಇವತ್ತಿಗೂ ಕಣ್ಣ ಮುಂದೆ ಬರುತ್ತದೆ. ಸಂಜೆ ಮಬ್ಬುಗತ್ತಲಲ್ಲಿ, ರಸ್ತೆ ಅಂಚಿಗೆ ನಿಂತಿದ್ದ ಕಬ್ಬಿನ ಟ್ರ್ಯಾಕ್ಟರ್ ಟ್ರೇಲರ್‌ಗೆ ಹಿಂದಿನಿಂದ ಹೋಗಿ ಬಡಿದಿತ್ತು. ಓಡಿಸುತ್ತಿದ್ದವನಿಗೆ 14 ವರ್ಷ. ಮುಂದಿನ ಫೋರ್ಕ್ ಹಿಂದಕ್ಕೆ ಬಾಗಿತ್ತು, ಹೆಡ್‌ಲೈಟ್ ಇದ್ದ ಜಾಗದಲ್ಲಿ ಬರೀ ವೈರುಗಳು. ಎರಡೂ ಬ್ರೇಕ್ ಲಿವರ್ ಅದುಮಿ ನೋಡಿದೆ, ಸರಿಯಾಗಿದ್ದವು. ಟೈರೂ ಸವೆದಿರಲಿಲ್ಲ. ಮುಂದಿನ ಕೊಕ್ಕೆಯಲ್ಲಿ ಬಟ್ಟೆ ಚೀಲ ಹಾಗೇ ನೇತಾಡುತ್ತಿತ್ತು. ಒಳಗೆ ಒಂದು ಪ್ಯಾಕೆಟ್ ರವೆ, ಬಾಡಿದ ಕೊತ್ತಂಬರಿ ಸೊಪ್ಪು. ಸೀಟಿನ ಕೆಳಗಿನ ಡಿಕ್ಕಿ ತೆಗೆದರೆ ಅಲ್ಲೊಂದು ಹೆಲ್ಮೆಟ್. ಅದರ ಪ್ಲಾಸ್ಟಿಕ್ ಕವರನ್ನೂ ಬಿಚ್ಚಿರಲಿಲ್ಲ.

ನಮ್ಮ ವರದಿಯ ಕೊನೆಯಲ್ಲಿ ಒಂದು ಸಾಲು ಬರೆಯಬೇಕು. ‘ವಾಹನದ ಯಾಂತ್ರಿಕ ದೋಷದಿಂದ ಅಪಘಾತ ಸಂಭವಿಸಿಲ್ಲ’ ಅಂತ. ಅವತ್ತೂ ಅದನ್ನೇ ಬರೆದೆ. ಗಾಡಿ ಸರಿಯಾಗೇ ಇತ್ತು. ಹುಡುಗ ಉಳಿಯಲಿಲ್ಲ. ಅವನೂ ‘ಚೆನ್ನಾಗಿ ಓಡಿಸುತ್ತಿದ್ದ’ ಅಂತ ಮನೆಯವರು ಹೇಳಿದರು. ಅದು ಸುಳ್ಳಲ್ಲ. ಇಂಥ ಮಕ್ಕಳೆಲ್ಲ ಚೆನ್ನಾಗಿಯೇ ಓಡಿಸುತ್ತಿರುತ್ತಾರೆ.

ಈ ‘ಚೆನ್ನಾಗಿ’ ಅನ್ನುವ ಮಾತನ್ನು ಸ್ವಲ್ಪ ಬಿಡಿಸಿ ನೋಡೋಣ. ಗೇರ್ ಇಲ್ಲದ ಸ್ಕೂಟರ್ ಕಲಿಯೋಕೆ ಎರಡು ದಿನ ಸಾಕು. ಸೈಕಲ್ ಬರುವ ಮಗುವಿಗೆ ಬ್ಯಾಲೆನ್ಸ್ ಮೊದಲೇ ಬಂದಿರುತ್ತದೆ. ಹಿಡಿ ತಿರುಗಿಸಿದರೆ ಮುಂದೆ, ಬ್ರೇಕ್ ಹಿಡಿದರೆ ನಿಲ್ಲುತ್ತದೆ. ಅಷ್ಟೇ. ಹತ್ತು ವರ್ಷದ ಮಗುವೂ ಓಡಿಸೀತು. ಅದನ್ನು ನೋಡಿ ತಂದೆಗೆ ಹೆಮ್ಮೆ ಆಗುವುದು ಸಹಜ. ಆದರೆ ಗಾಡಿ ನಾವು ಅಂದುಕೊಂಡ ಹಾಗೆ ನಡೆಯದ ಒಂದು ಕ್ಷಣ ಬರುತ್ತದೆ. ಆಗ ಏನಾಗುತ್ತೆ ಗೊತ್ತಾ?

ನಾಯಿ ಅಡ್ಡ ಬಂತು ಅಂದುಕೊಳ್ಳಿ, ಅಥವಾ ಗುಂಡಿಯಲ್ಲಿ ಚಕ್ರ ಎಗರಿತು. ಹುಡುಗ ಗಾಬರಿಯಾಗಿ ಹ್ಯಾಂಡಲನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತಾನೆ. ಆ ಬಿಗಿಯಲ್ಲಿ ಆಕ್ಸಿಲರೇಟರ್ ಒಂದಿಷ್ಟು ತಿರುಗುತ್ತದೆ. ಗಾಡಿ ಮುಂದಕ್ಕೆ ಹಾರುತ್ತದೆ. ಗಾಡಿ ಮುಂದೆ ಹೋದಾಗ ಮೈ ಹಿಂದಕ್ಕೆ ವಾಲುತ್ತದೆ. ಮೈ ಹಿಂದಕ್ಕೆ ವಾಲಿದರೆ ಮಣಿಕಟ್ಟು ಕೆಳಗಿಳಿದು ಹಿಡಿ ಇನ್ನೂ ತಿರುಗುತ್ತದೆ. ಬೀಳದಿರಲಿ ಅಂತ ಎಷ್ಟು ಗಟ್ಟಿ ಹಿಡಿಯುತ್ತಾನೋ ಅಷ್ಟು ವೇಗ ಏರುತ್ತದೆ. ಗೇರ್ ಗಾಡಿಯಲ್ಲಾದರೆ ಕ್ಲಚ್ ಹಿಡಿದು ಎಂಜಿನ್ ಬಿಡಿಸಬಹುದು. ಸ್ಕೂಟರ್‌ನಲ್ಲಿ ಆ ದಾರಿ ಇಲ್ಲ. ಎಲೆಕ್ಟ್ರಿಕ್ ಗಾಡಿಯಲ್ಲಿ ಇದು ಇನ್ನೂ ಬೇಗ ಆಗುತ್ತದೆ, ಯಾಕೆಂದರೆ ಮೋಟಾರಿನ ಪೂರ್ತಿ ಎಳೆತ ಮೊದಲ ಕ್ಷಣದಲ್ಲೇ ಸಿಗುತ್ತದೆ, ಎಚ್ಚರಿಸೋಕೆ ಎಂಜಿನ್ ಸದ್ದೂ ಇಲ್ಲ. ಚಿಕ್ಕ ಮಕ್ಕಳನ್ನು ಸ್ಕೂಟರ್ ಮುಂದೆ ನಿಲ್ಲಿಸಿಕೊಂಡು ಹೋಗುವವರೂ ಇದನ್ನು ಗಮನಿಸಿ. ಅಂಗಡಿ ಮುಂದೆ ನಿಲ್ಲಿಸಿದಾಗ ಕೀ ಆಫ್ ಮಾಡದೆ ತಿರುಗಬೇಡಿ. ಮಗುವಿನ ಕೈ ಮೊದಲು ಹೋಗುವುದೇ ಆ ಹಿಡಿಗೆ.

ತೂಕವನ್ನೂ ಲೆಕ್ಕ ಹಾಕಿ. ಇವತ್ತಿನ ಸಾಮಾನ್ಯ ಸ್ಕೂಟರ್ 100 ಕಿಲೋಗಿಂತ ಜಾಸ್ತಿ ತೂಗುತ್ತದೆ. ನಿಮ್ಮ ಮಗ ಐವತ್ತು ಕಿಲೋ ಇರಬಹುದಾ? ಅವನ ಎರಡರಷ್ಟು ಭಾರ ಒಂದು ಕಡೆ ವಾಲಿದರೆ ಕಾಲೂರಿ ತಡೆಯೋಕೆ ಆಗಲ್ಲ. ಪಾದ ಪೂರ್ತಿ ನೆಲಕ್ಕೆ ಸಿಗದ ಮಕ್ಕಳ ಪಾಡು ಇನ್ನೂ ಕಷ್ಟ.

ಇನ್ನು ವೇಗ. ಸ್ಪೀಡೋಮೀಟರ್‌ನಲ್ಲಿ 40 ಅಂತ ನೋಡಿದರೆ ಯಾರಿಗೂ ಭಯ ಆಗಲ್ಲ. ಶಾಲೆಗಳಲ್ಲಿ ಮಾತಾಡುವಾಗ ನಾನು ಅದನ್ನು ಎತ್ತರದ ಲೆಕ್ಕದಲ್ಲಿ ಹೇಳುತ್ತೇನೆ. ಗಂಟೆಗೆ 25 ಕಿಲೋಮೀಟರ್ ವೇಗದಲ್ಲಿ ಗೋಡೆಗೆ ಗುದ್ದಿದರೆ ಎಂಟಡಿ ಎತ್ತರದಿಂದ ಬಿದ್ದ ಹಾಗೆ. 40ರಲ್ಲಿ ಗುದ್ದಿದರೆ ಇಪ್ಪತ್ತು ಅಡಿ, ಎರಡಂತಸ್ತಿನ ಮನೆ ತಾರಸಿಯಿಂದ ಬಿದ್ದ ಹಾಗೆ. 50 ಅಂದರೆ ಮೂವತ್ತೆರಡು ಅಡಿ. ವೇಗ ಎರಡರಷ್ಟಾದರೆ ಪೆಟ್ಟು ನಾಲ್ಕರಷ್ಟು. ಮೊಣಕಾಲು ಎತ್ತರದ ಪ್ಯಾರಾಪೆಟ್ ಇರುವ ತಾರಸಿ ಮೇಲೆ ಮಗ ಓಡಾಡಿದರೆ ನೀವು ಕೂಗಿ ಕರೆಯುತ್ತೀರಿ, ಅಲ್ವಾ? ಸ್ಕೂಟರ್ ಮೇಲೆ ಕೂತವನೂ ಆ ಎತ್ತರದಲ್ಲೇ ಇರುತ್ತಾನೆ. ಕಣ್ಣಿಗೆ ಕಾಣಲ್ಲ, ಅಷ್ಟೇ. 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು. ಅದರಲ್ಲಿ ನೂರಕ್ಕೆ 44ಕ್ಕಿಂತ ಜಾಸ್ತಿ ಜನ ದ್ವಿಚಕ್ರ ವಾಹನದ ಮೇಲಿದ್ದವರು.

ಇಷ್ಟರ ಮೇಲೆ, ಗಾಡಿ ಓಡಿಸುವುದಕ್ಕಿಂತ ಕಷ್ಟದ್ದು ಒಂದಿದೆ. ಮುಂದೆ ಏನಾಗಬಹುದು ಅಂತ ಮೊದಲೇ ಊಹಿಸುವುದು. ಮುಂದಿನ ಆಟೋ ನಿಧಾನ ಆಯ್ತು ಅಂದರೆ ಅನುಭವ ಇರುವವರಿಗೆ ಗೊತ್ತಾಗುತ್ತದೆ, ಎಡಕ್ಕೆ ಕೈ ಚಾಚಿದವರನ್ನು ಹತ್ತಿಸಿಕೊಳ್ಳೋಕೆ ಅದು ದಿಢೀರನೆ ವಾಲಬಹುದು ಅಂತ. ನಿಂತ ಬಸ್ಸಿನ ಮುಂದಿನಿಂದ ಯಾರಾದರೂ ಓಡಿ ಬರಬಹುದು. ತಿರುವಿನಲ್ಲಿ ಜಲ್ಲಿಪುಡಿ ಚೆಲ್ಲಿರಬಹುದು. ಲಾರಿಯ ಎಡ ಮಗ್ಗುಲಲ್ಲಿ ಹೋದರೆ ಡ್ರೈವರ್ ಕಣ್ಣಿಗೆ ನಾವು ಬೀಳುವುದೇ ಇಲ್ಲ. ಇದೆಲ್ಲ ವರ್ಷಗಟ್ಟಲೆ ರಸ್ತೆ ನೋಡಿ ಬರುವ ಬುದ್ಧಿ. ದುಡುಕನ್ನು ತಡೆದು, ಮುಂದಿನದನ್ನು ತೂಗಿ ನೋಡುವ ಮೆದುಳಿನ ಮುಂಭಾಗ ಪೂರ್ತಿ ಬಲಿಯುವುದೇ ಇಪ್ಪತ್ತರ ಮಧ್ಯಕ್ಕೆ. ಹಾಗಾಗಿ 15ರ ಹುಡುಗ ತಪ್ಪು ಮಾಡಿದರೆ ಅದು ಅವನ ಕೆಟ್ಟತನ ಅಲ್ಲ, ಅವನ ವಯಸ್ಸು. ಹಿಂದೆ ಇಬ್ಬರು ಗೆಳೆಯರು ಕೂತು ‘ಓವರ್‌ಟೇಕ್ ಮಾಡೋ’ ಅಂದರೆ ಆ ವಯಸ್ಸಿನಲ್ಲಿ ಬೇಡ ಅನ್ನೋದು ತುಂಬಾ ಕಷ್ಟ.

ಈಗ ಕಾನೂನು. ಇಲ್ಲಿ ತಪ್ಪು ತಿಳಿವಳಿಕೆ ಜಾಸ್ತಿ ಇರುವುದರಿಂದ ಸ್ವಲ್ಪ ನಿಧಾನವಾಗಿ ಓದಿ. ‘16 ಆದರೆ ಗೇರ್ ಇಲ್ಲದ ಗಾಡಿ ಓಡಿಸಬಹುದು’ ಅಂತ ಬಹಳ ಜನ ನಂಬಿದ್ದಾರೆ. 1988ರ ಮೋಟಾರು ವಾಹನ ಕಾಯ್ದೆಯ 4ನೇ ಸೆಕ್ಷನ್ ಹೇಳುವುದು ಬೇರೆ. ಸಾರ್ವಜನಿಕ ಜಾಗದಲ್ಲಿ ಮೋಟಾರು ವಾಹನ ಓಡಿಸೋಕೆ 18 ವರ್ಷ ಆಗಿರಬೇಕು. 16ಕ್ಕೆ ಅವಕಾಶ ಇರುವುದು ಎಂಜಿನ್ 50 ಸಿಸಿ ಮೀರದ ಗಾಡಿಗೆ ಮಾತ್ರ, ಅದೂ ಲೈಸೆನ್ಸ್ ಪಡೆದ ಮೇಲೆ. 50 ಸಿಸಿ ಅಂದರೆ ಹಳೆಯ ಲೂನಾ, ಟಿವಿಎಸ್ 50 ಕಾಲದ ಮಾತು. ನಿಮ್ಮ ಆಕ್ಟಿವಾ 110 ಸಿಸಿ ಆಸುಪಾಸು. ಹಳ್ಳಿಯಲ್ಲಿ ಮಕ್ಕಳು ಹಾಲಿನ ಕ್ಯಾನ್ ಕಟ್ಟಿಕೊಂಡು ಡೇರಿಗೆ ಹೋಗುವ ಈಗಿನ ಟಿವಿಎಸ್ ಎಕ್ಸ್‌ಎಲ್ ಕೂಡ 100 ಸಿಸಿ. ಗೇರ್ ಇದೆಯೋ ಇಲ್ಲವೋ ಅನ್ನುವುದು ಇಲ್ಲಿ ಲೆಕ್ಕಕ್ಕೇ ಬರಲ್ಲ.

2019ರ ತಿದ್ದುಪಡಿಯಲ್ಲಿ 199ಎ ಅನ್ನುವ ಸೆಕ್ಷನ್ ಸೇರಿತು. ಅಪ್ರಾಪ್ತರು ಗಾಡಿ ಓಡಿಸಿ ತಪ್ಪು ಮಾಡಿದರೆ ಹೊಣೆ ಪೋಷಕರದ್ದು ಅಥವಾ ಗಾಡಿ ಮಾಲೀಕರದ್ದು. 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು. ಗಾಡಿಯ ನೋಂದಣಿ 12 ತಿಂಗಳು ರದ್ದು. ಆ ಮಗುವಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಇಲ್ಲ, ಕಲಿಕೆಗೆ ಕೊಡುವ ಎಲ್‌ಎಲ್ ಕೂಡ ಇಲ್ಲ. ನಿಮಗೆ ಗೊತ್ತಿದ್ದೇ ಮಗ ಗಾಡಿ ತೆಗೆದುಕೊಂಡು ಹೋದ ಅಂತ ನ್ಯಾಯಾಲಯ ಮೊದಲೇ ಭಾವಿಸುತ್ತದೆ. ಗೊತ್ತಿರಲಿಲ್ಲ, ಅಥವಾ ತಡೆಯೋಕೆ ಮಾಡಬೇಕಾದ್ದೆಲ್ಲ ಮಾಡಿದ್ದೆವು ಅಂತ ಸಾಬೀತು ಮಾಡುವ ಭಾರ ನಿಮ್ಮ ಮೇಲಿರುತ್ತದೆ. ಮಗನಿಗೆ ಬೈಕ್ ಕೊಟ್ಟ ತಂದೆಗೆ 25 ಸಾವಿರ ದಂಡ ಅನ್ನುವ ಸುದ್ದಿ ನಮ್ಮ ಜಿಲ್ಲಾ ಪುಟಗಳಲ್ಲಿ ಆಗಾಗ ಬರುತ್ತಲೇ ಇರುತ್ತದೆ.

ದಂಡಕ್ಕಿಂತ ದೊಡ್ಡ ಹೊಡೆತ ವಿಮೆಯದು. ನಿಮ್ಮ ಮಗ ಯಾರಿಗೋ ಗುದ್ದಿ, ಅವರಿಗೆ ಗಂಭೀರ ಗಾಯ ಆಯ್ತು ಅಂದುಕೊಳ್ಳಿ. ಓಡಿಸಿದವನಿಗೆ ಲೈಸೆನ್ಸ್ ಇಲ್ಲದಿದ್ದರೂ ವಿಮಾ ಕಂಪನಿ ಮೊದಲು ಪರಿಹಾರ ಕೊಟ್ಟು, ಆಮೇಲೆ ಆ ಹಣವನ್ನು ಗಾಡಿ ಮಾಲೀಕರಿಂದ ವಸೂಲಿ ಮಾಡುವಂತೆ ನ್ಯಾಯಾಲಯಗಳು ಆದೇಶಿಸುತ್ತವೆ. ಸುಪ್ರೀಂ ಕೋರ್ಟ್ 2004ರಲ್ಲೇ ಈ ದಾರಿ ಹಾಕಿಕೊಟ್ಟಿದೆ. ಪರಿಹಾರದ ಮೊತ್ತ ಲಕ್ಷಗಳಲ್ಲಿರುತ್ತದೆ. ಸೈಟು ಮಾರಿ ಕಟ್ಟಿದವರನ್ನು ನಾನು ಬಲ್ಲೆ. ನಿಮ್ಮ ಗಾಡಿಯ ರಿಪೇರಿಗೂ ವಿಮೆ ಸಿಗಲ್ಲ.

ಇನ್ನೊಂದು ಮಾತು, ಹೇಳಲೇಬೇಕು. ಅಪಘಾತ ಆದಮೇಲೆ ‘ನಾನೇ ಓಡಿಸ್ತಿದ್ದೆ’ ಅಂತ ಅಪ್ಪ ಠಾಣೆಯಲ್ಲಿ ನಿಲ್ಲುವುದನ್ನು ಎಷ್ಟೋ ಸಲ ನೋಡಿದ್ದೇನೆ. ಮಗನನ್ನು ಉಳಿಸುವ ಆಸೆ, ಅರ್ಥ ಆಗುತ್ತದೆ. ಈಗ ಅಂಗಡಿಗೊಂದು ಸಿಸಿಟಿವಿ ಇದೆ, ಸುಳ್ಳು ನಿಲ್ಲಲ್ಲ. ಮೊದಲಿನ ತಪ್ಪಿಗೆ ಸುಳ್ಳು ಸಾಕ್ಷ್ಯದ ತಪ್ಪೂ ಸೇರುತ್ತದೆ. ಆ ಮಗುವಂತೂ ಅದನ್ನು ಜೀವನಪೂರ್ತಿ ಹೊತ್ತುಕೊಂಡಿರುತ್ತದೆ.

ಇನ್ನು ನೀವು ಕೇಳಿದ ಮುಖ್ಯ ಪ್ರಶ್ನೆ, ಲೈಸೆನ್ಸ್ ಬೇಡದ ಎಲೆಕ್ಟ್ರಿಕ್ ಸ್ಕೂಟರ್. ಕಾನೂನಿನಲ್ಲಿ ಅಂಥದ್ದು ಇದೆ, ನಿಜ. ಮೋಟಾರಿನ ಶಕ್ತಿ 250 ವ್ಯಾಟ್‌ಗಿಂತ ಕಡಿಮೆ, ವೇಗ ಗಂಟೆಗೆ 25 ಕಿಲೋಮೀಟರ್‌ಗಿಂತ ಕಡಿಮೆ, ಬ್ಯಾಟರಿ ಬಿಟ್ಟು ತೂಕ 60 ಕಿಲೋ ಒಳಗೆ ಇರಬೇಕು. ಇಷ್ಟೂ ಇದ್ದು, ಪರೀಕ್ಷಾ ಸಂಸ್ಥೆಯ ಒಪ್ಪಿಗೆಯೂ ಇದ್ದರೆ ಅದನ್ನು ಮೋಟಾರು ವಾಹನ ಅಂತ ಪರಿಗಣಿಸಲ್ಲ. ಪುಣೆಯ ಎಆರ್‌ಎಐ, ಮಾನೇಸರದ ಐಕ್ಯಾಟ್ ಇಂಥ ಪರೀಕ್ಷೆ ಮಾಡುವ ಸಂಸ್ಥೆಗಳು. ಈ ಮಿತಿಯೊಳಗಿನ ಗಾಡಿಗೆ ನೋಂದಣಿ, ಲೈಸೆನ್ಸ್ ಬೇಡ.

ಆದರೆ ಅಂಗಡಿಗೆ ಹೋದಾಗ ಏನಾಗುತ್ತದೆ ನೋಡಿ. ‘ಒಂದು ವೈರ್ ತೆಗೆದರೆ ಸಾಕು ಸಾರ್, 40 ಹೋಗುತ್ತೆ’ ಅನ್ನುವ ಮೆಕ್ಯಾನಿಕ್ ಯಾವ ಊರಲ್ಲೂ ಸಿಗುತ್ತಾನೆ. ಸ್ಪೀಡ್ ಲಾಕ್ ಬಿಚ್ಚಿದ ಆ ಕ್ಷಣವೇ ಅದು ನೋಂದಣಿ ಇಲ್ಲದ, ವಿಮೆ ಇಲ್ಲದ ಮೋಟಾರು ವಾಹನ ಆಗುತ್ತದೆ. ಆಗ ಮೇಲೆ ಹೇಳಿದ 199ಎ ನಿಮ್ಮ ಮನೆ ಬಾಗಿಲಿಗೇ ಬರುತ್ತದೆ. ಲಾಕ್ ಬಿಚ್ಚಿಸುವುದು ನೀವೇ ಆಗಬೇಕಿಲ್ಲ. ಮಗನ ಗೆಳೆಯ ಯೂಟ್ಯೂಬ್ ನೋಡಿ ಅರ್ಧ ಗಂಟೆಯಲ್ಲಿ ಬಿಚ್ಚುತ್ತಾನೆ. ಆನ್‌ಲೈನ್‌ನಲ್ಲಿ ‘ಮಕ್ಕಳ ಬೈಕ್’ ಅಂತ ಮಾರುವ 49 ಸಿಸಿ ಪುಟಾಣಿ ಪೆಟ್ರೋಲ್ ಬೈಕುಗಳ ಕಡೆಗಂತೂ ತಿರುಗಿಯೂ ನೋಡಬೇಡಿ. ನೋಂದಣಿಯೇ ಆಗದ ಗಾಡಿಗಳವು. ರಸ್ತೆಗೆ ಇಳಿಸುವ ಹಾಗೇ ಇಲ್ಲ.

ಲಾಕ್ ಬಿಚ್ಚದೇ ಇದ್ದರೆ? ಆಗಲೂ ನಿಮ್ಮ ದಾರಿಗೆ ನನ್ನ ಒಪ್ಪಿಗೆ ಇಲ್ಲ. ಬೆಳಗಿನ ಆರಕ್ಕೆ ಬಿ.ಎಚ್. ರಸ್ತೆ ಖಾಲಿ ಇರುತ್ತದೆ ಅಂತ ನಿಮಗೆ ಅನ್ನಿಸಬಹುದು. ಖಾಲಿ ಇರುವುದರಿಂದಲೇ ಲಾರಿ, ಬಸ್ಸುಗಳು ವೇಗವಾಗಿ ಬರುತ್ತವೆ. ಚಳಿಗಾಲದಲ್ಲಿ ಆ ಹೊತ್ತಿಗೆ ಬೆಳಕೂ ಹರಿದಿರಲ್ಲ. 25ರ ವೇಗದ ಸಪ್ಪಳವಿಲ್ಲದ ಗಾಡಿ, ಮಂಕು ಲೈಟು, ನಿದ್ದೆಗಣ್ಣಿನ ಹುಡುಗ. ಈ ಗಾಡಿಗೆ ಕಡ್ಡಾಯ ವಿಮೆ ಇಲ್ಲ ಅನ್ನೋದನ್ನು ಮಾರುವವರು ಅನುಕೂಲ ಅಂತ ಹೇಳುತ್ತಾರೆ. ಅವನು ಬೆಳಗಿನ ವಾಕಿಂಗ್ ಹೊರಟ ಅಜ್ಜನೊಬ್ಬರಿಗೆ ತಾಗಿಸಿ, ಅವರ ಸೊಂಟ ಮುರಿದರೆ, ಆಸ್ಪತ್ರೆ ಬಿಲ್ಲು ಕಟ್ಟುವವರು ನೀವೇ. ಹಿಂದೆ ನಿಲ್ಲೋಕೆ ಯಾವ ಕಂಪನಿಯೂ ಇಲ್ಲ. ಅಪಾರ್ಟ್‌ಮೆಂಟ್ ಆವರಣದೊಳಗೆ, ದೊಡ್ಡವರು ಎದುರಿಗಿದ್ದು, ಹೆಲ್ಮೆಟ್ ಹಾಕಿಸಿ ಓಡಿಸುವುದಾದರೆ ಮಾತು ಬೇರೆ. ನೀವು ಕೇಳಿದ್ದು ಟ್ಯೂಷನ್‌ಗೆ.

ಈಗ ನಿಮ್ಮ ಯಜಮಾನರ ಮಾತು. ‘ಇವತ್ತಲ್ಲ ನಾಳೆ ಕಲೀಲೇಬೇಕಲ್ಲ.’ ಖಂಡಿತ ಕಲೀಬೇಕು. ಕಲಿಸುವುದನ್ನು ಇವತ್ತೇ ಶುರು ಮಾಡಲಿ ಅಂತ ನಾನೂ ಹೇಳುತ್ತೇನೆ. ಹ್ಯಾಂಡಲ್ ಹಿಡಿಯುವುದು ಎರಡು ದಿನದ ಕೆಲಸ, ಅದು 18ಕ್ಕೆ ಸಾಕು. ರಸ್ತೆ ಓದುವುದಕ್ಕೆ ಮೂರು ವರ್ಷ ಬೇಕು, ಅದನ್ನು ಕಲಿಯೋಕೆ ಆಕ್ಸಿಲರೇಟರ್ ಬೇಕಾಗಿಲ್ಲ.

ನಾನು ಮನೆಯಲ್ಲಿ ಮಾಡಿದ್ದು ಹೇಳುತ್ತೇನೆ. ಮಗಳನ್ನು ಹಿಂದೆ ಕೂರಿಸಿಕೊಂಡು ಹೋಗುವಾಗ ಮಾತಾಡಿಸುತ್ತಾ ಹೋಗುತ್ತಿದ್ದೆ. ‘ಮುಂದಿನ ಆ ಬಿಳಿ ಕಾರು ಏನು ಮಾಡುತ್ತೆ ಹೇಳು?’ ಮೊದಮೊದಲು ‘ನಂಗೇನು ಗೊತ್ತಪ್ಪಾ’ ಅನ್ನುತ್ತಿದ್ದಳು. ಒಂದು ತಿಂಗಳಾದ ಮೇಲೆ ಅವಳೇ ಭುಜ ತಟ್ಟಿ, ‘ಅಪ್ಪಾ, ಆ ಕಾರಿನ ಮುಂದಿನ ಚಕ್ರ ತಿರುಗಿದೆ, ಹೊರಗೆ ಬರುತ್ತೆ’ ಅನ್ನತೊಡಗಿದಳು. ಇಂಡಿಕೇಟರ್ ಹಾಕದ ಕಾರು ಎಲ್ಲಿಗೆ ಹೋಗುತ್ತೆ ಅಂತ ಅದರ ಚಕ್ರ ನೋಡಿ ಹೇಳಬಹುದು. ನಿಂತ ಕಾರಿನ ಕೆಳಗೆ ಇಣುಕಿದರೆ ಆಚೆ ನಿಂತ ಮಗುವಿನ ಕಾಲು ಕಾಣುತ್ತದೆ. ಡ್ರೈವರ್ ಸೀಟಿನಲ್ಲಿ ತಲೆ ಕಂಡರೆ ಬಾಗಿಲು ತೆರೆಯಬಹುದು ಅಂತ ಒಂದು ಮಾರು ಬಿಟ್ಟು ಹೋಗಬೇಕು. ಯಜಮಾನರು ಇದನ್ನು ದಿನಕ್ಕೆ ಹತ್ತು ನಿಮಿಷ ಮಾಡಲಿ. ಹೆಲ್ಮೆಟ್ ಇಬ್ಬರ ತಲೆ ಮೇಲೂ ಇರಲಿ, ಐಎಸ್‌ಐ ಗುರುತಿನದು, ಮಗನ ತಲೆಯ ಅಳತೆಯದು. ಪಟ್ಟಿ ಕಟ್ಟಿದ ಮೇಲೆ ಹಿಂದಿನಿಂದ ಎತ್ತಿ ನೋಡಿ, ಕಳಚಿ ಬಂದರೆ ಅದು ಅವನದಲ್ಲ.

ಮಗನ ಜೊತೆ ಮಾತಾಡುವಾಗ ದಂಡ, ಜೈಲು ಅಂತ ಹೆದರಿಸಿ ಪ್ರಯೋಜನ ಇಲ್ಲ. ಆ ವಯಸ್ಸಿಗೆ ದೊಡ್ಡ ನೋವು ಗೆಳೆಯರ ಮುಂದೆ ಚಿಕ್ಕವನಾಗುವುದು. ಅದನ್ನು ಒಪ್ಪಿಕೊಂಡು ಮಾತು ಶುರು ಮಾಡಿ. ಬೇಡ ಅಂದದ್ದು ನೀವು, ಅವನು ಹೆದರಿದ್ದಲ್ಲ ಅಂತ ಗೆಳೆಯರ ಹತ್ತಿರ ಹೇಳಿಕೊಳ್ಳೋಕೆ ಅವನಿಗೊಂದು ದಾರಿ ಮಾಡಿಕೊಡಿ. ಆ ಗೆಳೆಯರ ಅಮ್ಮಂದಿರಲ್ಲಿ ಇಬ್ಬರಿಗಾದರೂ ಫೋನ್ ಮಾಡಿ. ನಿಮ್ಮ ಹಾಗೆಯೇ ಒಳಗೊಳಗೆ ಹೆದರಿಕೊಂಡವರು ಅಲ್ಲೂ ಇರುತ್ತಾರೆ, ಯಾರಾದರೂ ಮೊದಲು ಬಾಯಿ ಬಿಡಲಿ ಅಂತ ಕಾಯುತ್ತಿರುತ್ತಾರೆ. ನಾಲ್ಕು ಮಕ್ಕಳು ಸೇರಿದರೆ ಒಂದು ಆಟೋ ತಿಂಗಳ ಲೆಕ್ಕಕ್ಕೆ ಸಿಗುತ್ತದೆ. ಟ್ಯೂಷನ್ ಮೇಷ್ಟ್ರಿಗೂ ಒಂದು ಮಾತು ಹೇಳಿ. ಆರರ ಬದಲು ಆರೂವರೆಗೆ ಶುರು ಮಾಡಿದರೆ ಮಕ್ಕಳು ಬೆಳಕಲ್ಲಿ ಬರಬಹುದು.

ಆಟೋ ಹೊಂದದಿದ್ದರೆ ಸೈಕಲ್. ಮೂರೂವರೆ ಕಿಲೋಮೀಟರ್ ಅಂದರೆ ಹದಿನೈದು ನಿಮಿಷ. ಸೈಕಲ್‌ಗೂ ಹೆಲ್ಮೆಟ್, ಹಿಂದೆ ಕೆಂಪು ಮಿಣುಕು ದೀಪ, ಚಕ್ರಗಳಿಗೆ ರಿಫ್ಲೆಕ್ಟರ್ ಹಾಕಿಸಿ. ಈ ಭಾನುವಾರ ಬೆಳಿಗ್ಗೆ ಅಪ್ಪ ಮಗ ಇಬ್ಬರೂ ಆ ದಾರಿಯಲ್ಲಿ ಒಂದು ಸಲ ಹೋಗಿ ಬರಲಿ, ಅದೇ ಆರು ಗಂಟೆಗೆ. ಒಳರಸ್ತೆಗಳಲ್ಲೇ ಎಷ್ಟು ದೂರ ಹೋಗಬಹುದು ನೋಡಲಿ. ಬಿ.ಎಚ್. ರಸ್ತೆ ಬಂದ ಕೂಡಲೇ ಇಳಿದು, ಸಿಗ್ನಲ್ ಇರುವ ಕಡೆಗೆ ಸೈಕಲ್ ತಳ್ಳಿಕೊಂಡು ಹೋಗಿ ದಾಟಲಿ. ಎರಡೂ ಕಡೆ ನೋಡಿ ‘ಈಗ ಹೋಗೋಣ’ ಅಂತ ಹೇಳುವುದು ಅಪ್ಪ ಅಲ್ಲ, ಮಗ ಹೇಳಲಿ.